ಮೊಸರಿನ ಟೆಂಪೊ ಮತ್ತು ಮನೆ ಮುಂದಿನ ಇಳುಕಲು

ನಮ್ಮ ಈಗಿನ ಕಾರಿಗೆ ಬಾಯಿ ಬಹಳ. ಬಾಗಿಲು ಸರಿಯಾಗಿ ಹಾಕದಿದ್ದರೆ ಕೂಗುತ್ತದೆ, ಬೆಲ್ಟ್ ಕಟ್ಟದಿದ್ದರೆ ಕೂಗುತ್ತದೆ, ಹಿಂದಕ್ಕೆ ಸರಿಸಿದರಂತೂ ಓಣಿಯವರೆಲ್ಲ ಹೊರಗೆ ಬಂದು ನೋಡುವಂತೆ ಕೂಗುತ್ತದೆ. ಮೊನ್ನೆ ಮುದ್ದೇಬಿಹಾಳದ ಪೇಟೆಯಲ್ಲಿ ಹಳದಿ ದೀಪವೊಂದನ್ನು ಹಚ್ಚಿಕೊಂಡು ನಿಂತೇಬಿಟ್ಟಿತು. ಗ್ಯಾರೇಜಿನವನು ಲ್ಯಾಪ್‌ಟಾಪ್ ತಂದು ಅದರ ಹೊಟ್ಟೆಗೆ ಒಂದು ತಂತಿ ಸಿಕ್ಕಿಸಿ, ಬಹಳ ಹೊತ್ತು ನೋಡಿ, ಎಂಜಿನ್ ಗಟ್ಟಿ ಇದೆ, ಆದರೆ ಗಟ್ಟಿ ಇದೆ ಎಂದು ಗಾಡಿಗೆ ತಿಳಿಸುವ ಸೆನ್ಸರ್ ಹೋಗಿದೆ ಎಂದ. ಅದು ವಿಜಯಪುರದಿಂದ ಬರಬೇಕು. ಮೈಯಲ್ಲಿ ಏನೂ ಆಗಿಲ್ಲ, ತನಗೆ ಏನೋ ಆಗಿದೆ ಅನ್ನುವ ಭ್ರಮೆಯಿಂದ ಮಲಗಿದ ಗಾಡಿಯನ್ನು ನಾನು ಮೊದಲ ಸಲ ನೋಡಿದ್ದು. ಅಂಗಡಿಯ ನೆರಳಿನಲ್ಲಿ ಕುಳಿತು ಒಬ್ಬಳೇ ನಕ್ಕೆ. ನಗಲು ಕಾರಣ ನಮ್ಮಪ್ಪನ ಟೆಂಪೊ. ಅದಕ್ಕೆ ಕೀಲಿ ಇರಲಿಲ್ಲ, ಕೀಲಿ ಹಾಕುವ ತೂತೂ ಇರಲಿಲ್ಲ. ಹಾರ್ನ್ ಅಂದರೆ ರಬ್ಬರಿನ ಚೆಂಡು ಅಮುಕಿದರೆ ಪೋಂ ಅನ್ನುವಂಥದು. ಆದರೂ ನನ್ನ ಸಾಲಿಯ ದಿನಗಳಲ್ಲಿ ನಮ್ಮ ಮನೆ ನಿಂತದ್ದು ಅದರ ಗಾಲಿಗಳ ಮೇಲೆ.

ಆಗ ನಾವು ಹೊಸ ಕೊಲ್ಹಾರಕ್ಕೆ ಬಂದು ಬಹಳ ದಿನ ಆಗಿರಲಿಲ್ಲ. ಹಳೆಯ ಊರು ಕೃಷ್ಣೆಯ ಹಿನ್ನೀರಿಗೆ ಹೋಗಿತ್ತು, ಹೊಲವೂ ಹೋಗಿತ್ತು. ಹೊಸ ಮನೆಗೆ ಮೂರು ಖೋಲಿ: ಮುಂದೆ ಪಡಸಾಲಿ, ನಡುವೆ ಅಡುಗೆಮನೆ, ಹಿಂದೆ ಮೊಸರಿನ ಖೋಲಿ. ಎಮ್ಮೆಗಳು ಪಕ್ಕದ ತಗಡಿನ ಕೆಳಗೆ, ಅವುಗಳ ಹಾಲು ಸಾಲದಾದಾಗ ಅಪ್ಪ ಓಣಿಯ ಮನೆಗಳಿಂದ ತರುತ್ತಿದ್ದ. ಮೊಸರಿನ ಖೋಲಿ ಅವ್ವನದು, ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಮಣ್ಣಿನ ಗಡಿಗೆಗಳು ಗೋಡೆಯುದ್ದಕ್ಕೂ ಕುಳಿತಿರುತ್ತಿದ್ದವು, ಅವ್ವ ಕಾಯಿಸಿದ ಹಾಲಿಗೆ ಬೆರಳು ಅದ್ದಿ, ಬಿಸಿ ಸರಿ ಅನ್ನಿಸಿದಾಗ ಹೆಪ್ಪು ಹಾಕುತ್ತಿದ್ದಳು. ಅವಳ ಮೊಸರನ್ನು ಚಮಚೆಯಿಂದ ಕೊಯ್ಯಬೇಕಿತ್ತು, ಸುರಿಯಲು ಬರುತ್ತಿರಲಿಲ್ಲ. ಕೊಲ್ಹಾರದ ಮೊಸರು ಅಂದರೆ ಸುತ್ತಲಿನ ತಾಲೂಕುಗಳಲ್ಲಿ ಬೇರೆ ಮಾತಿಲ್ಲ, ಅದರಲ್ಲೂ ನಮ್ಮವ್ವ ನೀಲವ್ವನ ಕೈ ಅಂದರೆ ಬಸವನ ಬಾಗೇವಾಡಿಯ ಖಾನಾವಳಿಯವರು ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಅಲ್ಲಿಗೆ ಒಯ್ಯುವುದು ಅಪ್ಪನ ಕೆಲಸ. ಅದಕ್ಕಾಗಿಯೇ ಅವನು ಆ ಹಳೆಯ ಡೀಸೆಲ್ ಟೆಂಪೊ ತಂದಿದ್ದ.

ಟೆಂಪೊದ ಹಿಂದಿನ ಮಾಲೀಕ ಅಪ್ಪಟ ಶೋಕೀಲಾಲ. ಮಿಣುಕು ದೀಪ, ಹಾಡಿನ ಪೆಟ್ಟಿಗೆ, ಕಳ್ಳ ಮುಟ್ಟಿದರೆ ಅರಚುವ ಯಂತ್ರ, ಜೊತೆಗೆ ಕರಿ ಡಬ್ಬಿಯೊಂದನ್ನು ಹಾಕಿಸಿದ್ದ. ಕೀಲಿ ತಿರುವಿದರೆ ಆ ಡಬ್ಬಿ ಎಂಜಿನ್ನಿಗೆ ಡೀಸೆಲ್ ಬಿಡಬೇಕು, ಹೊರಳಿ ತಿರುವಿದರೆ ನಿಲ್ಲಿಸಬೇಕು. ಕೇಳಲು ಸುಖವಾಗಿಯೇ ಇತ್ತು. ಆದರೆ ಮೊಸರಿನ ಗಾಡಿ ಅದು. ಗಡಿಗೆಯಿಂದ ತಿಳಿನೀರು ಸೋರಿ ತಂತಿಗಳಿಗೆ ಹಸಿರು ಹಿಡಿಯಿತು. ಹುಳಿ ವಾಸನೆಗೆ ಇಲಿಗಳು ಬಂದವು, ಬಂದವು ಮೊಸರು ತಿನ್ನದೆ ತಂತಿಯನ್ನೇ ಕಡಿದವು. ಒಂದು ದಿನ ಹಾರ್ನ್ ಒತ್ತಿದರೆ ದೀಪ ಹತ್ತಿತು. ಇನ್ನೊಂದು ದಿನ ಕರಿ ಡಬ್ಬಿ ನಡುದಾರಿಯಲ್ಲಿ ಡೀಸೆಲ್ ನಿಲ್ಲಿಸಿತು, ಅಪ್ಪ ಬಿಸಿಲಿನಲ್ಲಿ ಗಾಡಿಯ ಪಕ್ಕ ಕುಳಿತ, ಗಡಿಗೆಯೊಳಗಿನ ಮೊಸರು ಹುಳಿಯಾಗಿ ಒಡೆಯಿತು. ಹೀಗೆ ಮೇಲಿಂದ ಮೇಲೆ ಆಗತೊಡಗಿ, ಖಾನಾವಳಿಯವರು ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟರು.

ಆ ಹೊತ್ತಿಗೆ ದೇವಣಗಾಂವದಿಂದ ಗುರಪ್ಪ ಮಾಮಾ ಬಂದ. ಅವನು ಅಪ್ಪನ ಅಕ್ಕನ ಗಂಡ, ಲಾರಿಯ ಮಾಲೀಕ. ಒಳ್ಳೆಯ ಮನುಷ್ಯ, ಆದರೆ ಅವನ ಒಳ್ಳೆಯತನ ಲಾರಿಯಂತೆಯೇ ಎದುರಿಗೆ ಬಂದವರನ್ನು ಸರಿಸಿಕೊಂಡು ಹೋಗುತ್ತಿತ್ತು. ಪಡಸಾಲಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಊಟ ಮಾಡುತ್ತ ವಿಷಯ ಎತ್ತಿದ.

"ಸಂಗಪ್ಪ, ಈ ಡಬ್ಬಾ ಮಾರಿಬಿಡು. ನನ್ನ ಲಾರಿ ಮ್ಯಾಲ ಬಾ. ಮುಂಬೈ, ಪುಣೆ ತಿರುಗು. ಹಬ್ಬಕ್ಕ, ಹುಣ್ಣಿಮಿಗಿ ಮನಿಗೆ ಬರ್ತಿ, ಏನ್ ಆತು?"

"ಮೊಸರು ಯಾರು ಒಯ್ಯಬೇಕ್ರಿ ಮಾಮಾ?"

"ಒಯ್ಯಾಕ ಗಾಡಿ ಎಲ್ಲೈತಿ? ಅದು ದಿನಾ ಮಲಗತೈತಿ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನನ್ನ ಪಕ್ಕ ಕೂರುವ ಗೆಳತಿಯ ಅಪ್ಪ ಲಾರಿಯ ಮೇಲಿದ್ದ. ಅವನು ಬಂದಾಗ ಅವಳು ಹೊಸ ರಿಬ್ಬನ್ ಕಟ್ಟಿಕೊಂಡು ಬರುತ್ತಿದ್ದಳು, ಹೋದ ಮೇಲೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನನಗೆ ರಿಬ್ಬನ್ ಬೇಕಾಗಿರಲಿಲ್ಲ. ಸಂಜೆ ಮನೆಯೊಳಗೆ ಅಪ್ಪನ ಕೆಮ್ಮು ಕೇಳಬೇಕಿತ್ತು, ಅಷ್ಟೇ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಳಗಿನಿಂದಲೇ ಹೇಳಿದಳು:

"ಅಣ್ಣಾರ, ನಿಮ್ಮ ಮಗಳ ಲಗ್ನ ಹತ್ರ ಬಂತಲ್ರಿ. ಲಗ್ನದ ಮೊಸರು ನಂದ. ಗಾಡಿ ತಗೊಂಡ ಬರ್ತೇವಿ. ಆಮ್ಯಾಲೆ ಮಾತಾಡೂಣು."

ಮಾಮಾ ನಕ್ಕ. ಮೊದಲ ಪಂಕ್ತಿಗೆ ಮೊಸರು ಮುಟ್ಟಿದರೆ ಲಾರಿಯ ಮಾತು ತಾನು ಎತ್ತುವುದಿಲ್ಲ, ಮುಟ್ಟದಿದ್ದರೆ ಟೆಂಪೊ ಮಾರಿ ಸಂಗಪ್ಪ ತನ್ನ ಜೊತೆ ಬರಬೇಕು ಎಂದ. ಅಪ್ಪ ಕೈ ತೊಳೆದುಕೊಂಡು ಹೂಂ ಅಂದ. ನಮ್ಮಪ್ಪ ಹೂಂ ಅಂದರೆ ಮುಗಿಯಿತು, ಆಮೇಲೆ ತಾನೇ ಬೇಡ ಅಂದರೂ ಕೇಳುವವನಲ್ಲ.

ಮಾಮಾ ಹೋದ ಮೇಲೆ ಅಪ್ಪ ಗಾಡಿಯ ಹೊಟ್ಟೆಯೊಳಗಿನದೆಲ್ಲ ಬಿಚ್ಚಿ ಪಡಸಾಲಿಯಲ್ಲಿ ಗೋಣಿತಟ್ಟಿನ ಮೇಲೆ ಹರಡಿದ. ಅವ್ವ ಸೆರಗು ಸಿಕ್ಕಿಸಿಕೊಂಡು ಎದುರು ಕುಳಿತಳು. ಹಳೆಯ ಊರು ಬಿಡುವಾಗಲೂ ಅವರಿಬ್ಬರು ಹೀಗೇ ಕುಳಿತಿದ್ದರಂತೆ, ಯಾವುದನ್ನು ಒಯ್ಯಬೇಕು, ಯಾವುದನ್ನು ನೀರಿಗೆ ಬಿಡಬೇಕು ಎಂದು. ಅವ್ವನಿಗೆ ಯಂತ್ರದ ಗಂಧವಿರಲಿಲ್ಲ, ಆದರೆ ಬಿಡುವುದು ಹೇಗೆ ಎಂದು ಕಲಿತಿದ್ದಳು.

"ಇದು ಎದಕ್ಕರಿ?"

"ಅದು ಹಾಡಿಂದು."

"ಬ್ಯಾಡ. ಇದು?"

"ಕಳ್ಳ ಬಂದ್ರ ಒದರತೈತಿ."

"ಇಲಿ ಬಂದಾಗ ಒದರಲಿಲ್ಲಲ್ಲ. ಬ್ಯಾಡ. ಈ ಕರಿ ಡಬ್ಬಿ?"

"ಅದು ಬೇಕು. ಅದ ಡೀಸೆಲ್ ಬಿಡತೈತಿ."

"ನಿಮಗ ಕೈ ಇಲ್ಲೇನ್ರಿ?"

ಅಪ್ಪ ಡಬ್ಬಿಯನ್ನು ಕೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದ. ಆಮೇಲೆ ಅವಳಿಗೆ ಬಿಡಿಸಿ ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಾಗಿಲ್ಲ. ಒಳಗಿನ ಗಾಳಿಯನ್ನು ಗಟ್ಟಿಯಾಗಿ ಒತ್ತಿದರೆ ಅದೇ ಸುಡುತ್ತದೆ, ಸುಡುವ ಗಾಳಿಗೆ ಎಣ್ಣೆ ಬಿದ್ದರೆ ತಾನೇ ಹೊತ್ತಿಕೊಳ್ಳುತ್ತದೆ. "ಒಗ್ಗರಣಿ ಹಂಗ" ಅಂದಳು ಅವ್ವ. "ಹೌದು, ಒಗ್ಗರಣಿ ಹಂಗ" ಅಂದ ಅಪ್ಪ. ಹಾಗಾದರೆ ಒಮ್ಮೆ ತಿರುಗಿಸಿ ಬಿಟ್ಟರೆ ಎಣ್ಣೆ ಇರುವ ತನಕ ತಿರುಗುತ್ತಲೇ ಇರುತ್ತದೆ, ನಿಲ್ಲಿಸಲು ಎಣ್ಣೆಯ ಬಾಯಿ ಮುಚ್ಚಿದರೆ ಸಾಕು. ಮರುದಿನ ಅಪ್ಪ ಕರಿ ಡಬ್ಬಿಯ ಜಾಗದಲ್ಲಿ ಕೈಯಿಂದ ಎಳೆಯುವ ಸನ್ನೆಕೋಲು ಕೂಡಿಸಿ, ಅದಕ್ಕೆ ಸೈಕಲ್ಲಿನ ಬ್ರೇಕಿನ ತಂತಿ ಕಟ್ಟಿ, ತಂತಿಯ ತುದಿಗೆ ಹಳೆಯ ಕಪಾಟಿನ ಕಟ್ಟಿಗೆಯ ಹಿಡಿ ಸಿಕ್ಕಿಸಿ ಸ್ಟೇರಿಂಗಿನ ಪಕ್ಕಕ್ಕೆ ತಂದ. ಹಿಡಿ ಎಳೆದರೆ ಎಂಜಿನ್ ಬಂದ್. ದೀಪಗಳಿಗೆ ಬೇಕಾದ ತಂತಿಗಳನ್ನಷ್ಟೇ ಉಳಿಸಿ ಕಬ್ಬಿಣದ ಕೊಳವೆಯೊಳಗೆ ತೂರಿಸಿದ, ಇಲಿಯ ಹಲ್ಲು ಅಲ್ಲಿಗೆ ಮುಟ್ಟಲಿಲ್ಲ. ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸ್ಟಾರ್ಟರ್ ಸುಟ್ಟುಹೋಗಿತ್ತು, ಅದನ್ನು ಮತ್ತೆ ಕೂಡಿಸಲೇ ಇಲ್ಲ. ಕೀಲಿಯ ಸಮೇತ ಉಳಿದದ್ದೆಲ್ಲ ಒಂದು ಬುಟ್ಟಿ ತುಂಬ ಹೊರಗೆ ಹೋಯಿತು.

ಈಗ ಅದಿಲ್ಲದೆ ಎಂಜಿನ್ನನ್ನು ಮೊದಲ ಸಲ ತಿರುಗಿಸುವುದು ಹೇಗೆ ಅನ್ನುವುದು ಉಳಿಯಿತು. ಇಳುಕಲಿನಲ್ಲಿ ಬಿಟ್ಟು ಗೇರು ಕೂಡಿಸಿದರೆ ಗಾಲಿಯೇ ಎಂಜಿನ್ನನ್ನು ತಿರುಗಿಸುತ್ತದೆ. ಹಳೆಯ ಊರಾಗಿದ್ದರೆ ಓಣಿಗಳೆಲ್ಲ ಹೊಳೆಯ ಕಡೆಗೆ ಇಳಿಯುತ್ತಿದ್ದವು. ಹೊಸ ಊರನ್ನು ಮಾತ್ರ ಯಾರೋ ಲಟ್ಟಣಿಗೆಯಿಂದ ಲಟ್ಟಿಸಿ ಇಟ್ಟಿದ್ದರು. ಅಪ್ಪ ಮನೆಯ ಮುಂದೆಯೇ ಇಳುಕಲು ಕಟ್ಟುತ್ತೇನೆ ಎಂದ. ಕಲ್ಲು? ಹಿತ್ತಲಲ್ಲಿ ಹಳೆಯ ಮನೆಯ ಕಲ್ಲುಗಳಿದ್ದವು. ಆಯಿ, ಅಂದರೆ ಅಪ್ಪನ ಅವ್ವ, ತನ್ನ ಅಡುಗೆಮನೆಯ ಗೋಡೆಯನ್ನು ನೀರಿಗೆ ಬಿಡಲು ಒಪ್ಪದೆ ಬಂಡಿ ಹೂಡಿಸಿ ತರಿಸಿದ್ದು ಅವು.

"ನಾ ಬಾಳೇವು ಮಾಡಿದ ಗ್ವಾಡಿ ಮ್ಯಾಲ ಡೀಸೆಲ್ ಗಾಡಿ ಹತ್ತಸ್ತಿ ಏನೋ?"

"ಯವ್ವಾ, ಇಲ್ಲಾಂದ್ರ ನಾ ಮಾಮಾನ ಲಾರಿ ಹತ್ತತೇನಿ."

ಆಯಿ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ತಾನೇ ಹೋಗಿ ಮೊದಲ ಕಲ್ಲು ಉರುಳಿಸಿ ಕೊಟ್ಟಳು. ಇಳುಕಲು ಎದ್ದು ನಿಂತ ಮೇಲೆ ನಮ್ಮ ಮನೆಯ ದಿನಚರಿಯೇ ಬದಲಾಯಿತು. ನಸುಕಿನಲ್ಲಿ ಹಂಡೆಯ ಮೊದಲ ತಂಬಿಗೆ ಬಿಸಿನೀರು ಎಂಜಿನ್ನಿಗೆ, ಚಳಿಯಿದ್ದರೆ ಅದಕ್ಕೆ ಅರಿವೆ ಸುತ್ತಿ ಸುರಿಯಬೇಕು. ಆಮೇಲೆ ಉಳಿದವರ ಸ್ನಾನ. ಗಾಲಿಗೆ ಒತ್ತಿಟ್ಟ ಕಲ್ಲು ತೆಗೆದರೆ ಗಾಡಿ ಇಳಿದು, ಒಮ್ಮೆ ಜೋರಾಗಿ ಜಗ್ಗಿ, ಗುಡುಗುತ್ತ ಎಚ್ಚರಾಗುತ್ತಿತ್ತು. ಆ ಜಗ್ಗಿಗೆ ಮೊಸರು ಒಡೆಯುತ್ತದೆಂದು ಅವ್ವ ಎಂಜಿನ್ ಎದ್ದ ಮೇಲೆಯೇ ಗಡಿಗೆ ಏರಿಸಲು ಬಿಡುತ್ತಿದ್ದಳು, ಜೋಳದ ಕಣಿಕೆಯ ಹಾಸಿಗೆಯ ಮೇಲೆ, ಕೂಸು ಮಲಗಿಸಿದಂತೆ. ಹೋದಲ್ಲೆಲ್ಲ ಎಂಜಿನ್ ನಡೆಯುತ್ತಲೇ ಇರಬೇಕು, ಇಲ್ಲವೇ ಇಳುಕಲು ಹುಡುಕಿ ನಿಲ್ಲಿಸಬೇಕು. ಹೀಗಾಗಿ ನಮ್ಮ ಬೀಗತನವೆಲ್ಲ ನೆಲದ ಏರಿಳಿತಕ್ಕೆ ಬಂದು ನಿಂತಿತು. ನಾಲತವಾಡದ ದೊಡ್ಡವ್ವನ ಮನೆ ದಿಬ್ಬದ ಮೇಲಿತ್ತು, ಅಲ್ಲಿ ಎರಡು ದಿನ ಇರುತ್ತಿದ್ದೆವು. ಇಂಡಿಯ ಚಿಕ್ಕವ್ವನ ಓಣಿ ಸಪಾಟು, ಅವಳ ಮನೆಯಲ್ಲಿ ಅಪ್ಪ ಗಾಡಿಯಲ್ಲೇ ಕುಳಿತು ಚಹಾ ಕುಡಿದು, ಅವಳು ಕೊಟ್ಟ ನಿಂಬೆಹಣ್ಣು ಹಿಡಿದುಕೊಂಡು ಹೊರಟುಬಿಡುತ್ತಿದ್ದ. ಅವಳಿಗೆ ಬಹಳ ವರ್ಷ ಸಿಟ್ಟಿತ್ತು.

ಸಂಜೆ ಗಾಡಿಯನ್ನು ಹಿಂದಕ್ಕೆ ಓಡಿಸಿ ಇಳುಕಲಿನ ಮೇಲೆ ಏರಿಸಿದ ಮೇಲೆ ಹಿಡಿ ಎಳೆಯುವ ಹಕ್ಕು ಆಯಿಯದು. ಉಳಿತಾಯ ಅವಳ ಮೈಯಲ್ಲೇ ಇತ್ತು. ಅನ್ನ ಬೆಂದ ಕ್ಷಣಕ್ಕೆ ಒಲೆಯ ಕಟ್ಟಿಗೆ ಹೊರಗೆಳೆಯುತ್ತಿದ್ದಳು, ನಾನು ಓದುತ್ತಿದ್ದ ಖೋಲಿಯ ದೀಪವನ್ನೂ ಆರಿಸಿ ಹೋಗುತ್ತಿದ್ದಳು. ಎಂಜಿನ್ ಬಂದ್ ಮಾಡುವುದು ಅವಳಿಗೆ ದಿನದ ಕೊನೆಯ, ಬಲು ಪ್ರೀತಿಯ ಕೆಲಸವಾಯಿತು.

ಲಗ್ನದ ದಿನ ಬಂತು. ನಸುಕಿನಲ್ಲೇ ಗಾಡಿ ಎದ್ದಿತು, ದೊಡ್ಡ ದೊಡ್ಡ ಗಡಿಗೆಗಳು ಏರಿದವು. ಮೊಮ್ಮಗಳ ಲಗ್ನವೆಂದು ಆಯಿ ಇರಕಲ್ ಸೀರೆ ಉಟ್ಟು ಮುಂದೆ ಅಪ್ಪನ ಪಕ್ಕ ಕುಳಿತಳು, ಅವ್ವ ನಾನು ಹಿಂದೆ ಗಡಿಗೆಗಳಿಗೆ ಕೈ ಹಚ್ಚಿಕೊಂಡು. ಬಾಗೇವಾಡಿ ದಾಟಿದೆವು. ಅಪ್ಪ ಹಾಡುತ್ತಿದ್ದ, ಬಹಳ ಕೆಟ್ಟ ದನಿ. ಅವ್ವ ದಾರಿಯುದ್ದಕ್ಕೂ ಹೇಳುತ್ತಿದ್ದದ್ದು ಒಂದೇ: "ಮುಟ್ಟತೇವಿ. ಮುಟ್ಟೇ ಮುಟ್ಟತೇವಿ." ಸಿಂದಗಿ ಸಮೀಪಿಸಿದಾಗ ಹೊತ್ತು ಇನ್ನೂ ಏರಿರಲಿಲ್ಲ. ರಸ್ತೆ ಪಕ್ಕದ ಚಹಾದಂಗಡಿಯ ಹತ್ತಿರ, ಬೇವಿನ ಗಿಡದ ಕೆಳಗೆ, ಅಪ್ಪ ಗಾಡಿ ನಿಲ್ಲಿಸಿದ. ಎಂಜಿನ್ ನಡೆಯುತ್ತಿತ್ತು. ಆಯಿಗೆ ಚಹಾ ಹೇಳಿ, ಗಡಿಗೆ ನೋಡಲು ಹಿಂದೆ ಬಂದ. ಅವನು ಒಂದು ಗಡಿಗೆಯ ಬಾಯಿಯ ಅರಿವೆ ಸರಿಸುತ್ತಿದ್ದಾಗ ಗುಡುಗುಡು ಸದ್ದು ನಿಂತುಹೋಯಿತು. ಗಿಡದ ಮೇಲಿನ ಕಾಗೆಯ ಕೂಗು ಕೇಳಿಸಿತು.

"ಯವ್ವಾ! ಏನ್ ಮಾಡಿದಿ?"

"ಸುಮ್ಮ ಉರಿಯಾಕತ್ತಿತ್ತಲ್ಲೋ. ಚಾ ಕುಡಿಯೂ ತನಕ ಎಣ್ಣಿ ಯಾಕ ಸುಡಬೇಕು?"

ಕಟ್ಟಿಗೆಯ ಹಿಡಿ ಇನ್ನೂ ಅವಳ ಕೈಯಲ್ಲಿತ್ತು. ಸುತ್ತ ಕಣ್ಣು ಹಾಯುವ ತನಕ ಕಪ್ಪನೆಯ ಎರಿ ಭೂಮಿ, ಅಂಗೈಯಷ್ಟು ಸಪಾಟು. ದೂಡಿದರೆ ಗಾಡಿ ಎದ್ದೀತು, ಆದರೆ ಎದ್ದಾಗಿನ ಜಗ್ಗಿಗೆ ಇಡೀ ಲಗ್ನದ ಮೊಸರು ಮಜ್ಜಿಗೆಯಾಗುತ್ತಿತ್ತು. ಅಪ್ಪ ರಸ್ತೆಯ ಅಂಚಿನಲ್ಲಿ ತಲೆ ಹಿಡಿದು ಕುಳಿತ. ಮಾಮಾನ ಲಾರಿ ನನ್ನ ಕಣ್ಣ ಮುಂದೆ ಬಂದು ನಿಂತಂತಾಗಿ ನಾನು ಅಳತೊಡಗಿದೆ. ಅವ್ವ ಅಳಲೂ ಇಲ್ಲ, ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಸೆರಗು ಬಿಗಿದಳು.

"ಏಳ್ರಿ. ಎಲ್ಲಾ ಇಳಸೂಣು."

ಚಹಾದಂಗಡಿಯಲ್ಲಿದ್ದವರೆಲ್ಲ ಕಪ್ಪು-ಬಸಿ ಕೆಳಗಿಟ್ಟು ಎದ್ದು ಬಂದರು. ಒಂದೊಂದೇ ಗಡಿಗೆಯನ್ನು ಇಬ್ಬಿಬ್ಬರು ಹಿಡಿದು ಬೇವಿನ ನೆರಳಿಗೆ ಇಳಿಸಿದರು. ಖಾಲಿ ಗಾಡಿಯನ್ನು ಹೋ ಎಂದು ದೂಡಿದರು, ಅದು ಜಗ್ಗಿತು, ಕೆಮ್ಮಿತು, ಎದ್ದಿತು. ಮತ್ತೆ ಒಂದೊಂದೇ ಗಡಿಗೆ ಮೇಲಕ್ಕೆ. ಅವಸರ ಮಾಡಿದವರನ್ನು ಅವ್ವ ಗದರಿದಳು. ಕೊನೆಗೆ ಒಂದು ಗಡಿಗೆಯನ್ನು ಅಲ್ಲೇ ಇಟ್ಟುಕೊಂಡು ದೂಡಿದವರಿಗೆಲ್ಲ ಎಲೆಯ ಮೇಲೆ ಮೊಸರು ಕೊಯ್ದು ಕೊಟ್ಟಳು. ಹೊತ್ತಾಗುತ್ತಿದೆ ಎಂದು ಅಪ್ಪ ಒದ್ದಾಡುತ್ತಿದ್ದ, ಆದರೂ ಕೈ ಹಚ್ಚಿದವರನ್ನು ಬರಿಬಾಯಲ್ಲಿ ಬಿಟ್ಟು ಹೋಗುವುದು ಅವ್ವನಿಂದ ಆಗದ ಮಾತು. ತಿಂದವನೊಬ್ಬ ಎಲೆಯನ್ನು ನೆಕ್ಕಿ, ವಾರಕ್ಕೊಮ್ಮೆಯಾದರೂ ಈ ಕಡೆ ಬರಲು ಆಗುವುದಿಲ್ಲವೇ ಎಂದು ಕೇಳಿದ.

ದೇವಣಗಾಂವಕ್ಕೆ ಮುಟ್ಟಿದಾಗ ಮೊದಲ ಪಂಕ್ತಿ ಕೈ ತೊಳೆಯುತ್ತಿತ್ತು. ಗೋಧಿಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು ಎಲ್ಲ ಆಗಿತ್ತು, ಮೊಸರು ಇರಲಿಲ್ಲ. ಮಾಮಾ ತಲೆಗೆ ಪಟಗಾ ಸುತ್ತಿಕೊಂಡು ಚಪ್ಪರದ ಬಾಗಿಲಲ್ಲಿ ನಿಂತಿದ್ದ. ಗೆದ್ದ ಮುಖ ಅಲ್ಲ ಅವನದು, ಬೇಸರದ ಮುಖ.

"ಮುಟ್ಟಲಿಲ್ಲಲ್ಲೋ ಸಂಗಪ್ಪ."

"ಇಲ್ರಿ ಮಾಮಾ. ಮಾತು ಅಂದ್ರ ಮಾತು. ಬರ್ತೇನಿ."

ಅಷ್ಟರಲ್ಲಿ ಆಯಿ ಗಾಡಿಯಿಂದ ಇಳಿದು, ಸೀರೆಯ ನಿರಿಗೆ ಕೊಡವಿ, ಅಳಿಯನ ಎದುರು ಬಂದು ನಿಂತಳು.

"ಗಾಡಿ ನಿಂತಿಲ್ಲಪಾ, ನಾ ನಿಂದ್ರಿಸೇನಿ. ಎಣ್ಣಿ ಉಳಸಾಕ ಹೋಗಿ ಹಿಡಿ ಜಗ್ಗೇನಿ. ಲಾರಿ ಮ್ಯಾಲ ಯಾರನ್ನರ ಕರ್ಕೊಂಡು ಹೋಗೂದ ಇದ್ರ ತಪ್ಪು ಮಾಡಿದಾಕೀನ ಕರ್ಕೊಂಡು ಹೋಗು. ನಾನೂ ಮುಂಬೈ ನೋಡಿಲ್ಲ."

ಚಪ್ಪರದಲ್ಲಿದ್ದವರು ನಕ್ಕರು. ಮಾಮಾನಿಗೆ ನಗು ತಡೆಯಲಾಗಲಿಲ್ಲ. "ಬ್ಯಾಡ್ರಿ ಅತ್ತಿ, ನೀವು ಘಾಟದಾಗ ಬಂದ್ ಮಾಡ್ತೀರಿ" ಅಂದ. ಅಪ್ಪ ಮಾತ್ರ ನಗಲಿಲ್ಲ. ಮಾಮಾ ಅವನನ್ನು ಒಂದು ಗಳಿಗೆ ನೋಡಿ, ಓಣಿಯಲ್ಲಿ ಗುಡುಗುತ್ತಲೇ ಇದ್ದ ಟೆಂಪೊದ ಕಡೆ ನಡೆದ. ಎಷ್ಟಾದರೂ ತಾನೂ ಸ್ಟೇರಿಂಗ್ ಹಿಡಿದು ಮೇಲೆ ಬಂದವನು. ಬಾನೆಟ್ ಎತ್ತಿಸಿದ. ಕರಿ ಡಬ್ಬಿ ಎಲ್ಲಿ ಎಂದ, ಕೀಲಿ ಎಲ್ಲಿ ಎಂದ, ಇದು ಯಾವ ತಂತಿ ಎಂದ. ಅಪ್ಪ ತೋರಿಸುತ್ತ ಹೋದ, ತೋರಿಸುತ್ತ ತೋರಿಸುತ್ತ ಅವನ ದನಿ ಮರಳಿ ಬಂತು. ಎರಡನೆಯ ಪಂಕ್ತಿಯವರು ಎಲೆಯ ಮುಂದೆ ಕುಳಿತು ಲಗ್ನದ ಮನೆಯ ಯಜಮಾನನನ್ನು ಕೂಗುತ್ತಿದ್ದರು, ಯಜಮಾನ ಪಟಗಾ ಬಿಚ್ಚಿ ಗಾಡಿಯ ಹೊಟ್ಟೆಯಲ್ಲಿ ತಲೆ ಹಾಕಿದ್ದ.

"ಕೆಡಾಕ ಏನೂ ಉಳಿಸಿಲ್ಲಲ್ಲೋ ಇದರಾಗ ನೀ" ಎಂದು ತಲೆ ಹೊರಗೆ ತೆಗೆದ. "ಹೋಗ್, ಮೊಸರು ಬಡಸು. ನಾ ಬ್ಯಾರೆ ಡ್ರೈವರನ್ನ ನೋಡ್ಕೋತೇನಿ. ಇನ್ನೊಮ್ಮೆ ಬರೂವಾಗ ಅತ್ತೀನ ಹಿಂದ ಕುಂದ್ರಸು."

ಎರಡನೆಯ ಪಂಕ್ತಿಗೆ ಅಪ್ಪನೇ ಮೊಸರು ಬಡಿಸಿದ. ನಾನು ಅವನ ಹಿಂದೆ ಹಿಂದೆಯೇ ಎಲೆಯಿಂದ ಎಲೆಗೆ ಹೋದೆ, ಬಿಟ್ಟರೆ ಎಲ್ಲಿ ಅವನ ಮನಸ್ಸು ಬದಲಾದೀತೋ ಎಂಬಂತೆ. ಮೊದಲ ಪಂಕ್ತಿಯವರೂ ಕೆಲವರು ಮತ್ತೆ ಬಂದು ಕುಳಿತರು.

ಮರುದಿನ ಮುಂಜಾನೆ ಮನೆಯಲ್ಲಿ ಗಾಡಿಯ ಕಣಿಕೆ ತೆಗೆದು ಎಮ್ಮೆಗಳಿಗೆ ಹಾಕುತ್ತಿದ್ದೆ. ತಳದಲ್ಲಿ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಅಪ್ಪನ ಅಂಗಿಗಳು, ಟವೆಲ್ಲು, ಗಡ್ಡ ಕೆರೆಯುವ ಸಾಮಾನು, ಕಟಕ ರೊಟ್ಟಿಯ ಕಟ್ಟು, ಡಬ್ಬಿ ತುಂಬ ಶೇಂಗಾಹಿಂಡಿ. ಲಗ್ನದ ಮನೆಯಿಂದಲೇ ಲಾರಿ ಹತ್ತಬೇಕಾಗಿ ಬಂದರೆ ಎಂದು ಕಟ್ಟಿದ್ದು. ದಾರಿಯುದ್ದಕ್ಕೂ ಮುಟ್ಟೇ ಮುಟ್ಟತೇವಿ ಅನ್ನುತ್ತಿದ್ದವಳು ಆ ಗಂಟಿನ ಮೇಲೆಯೇ ಕುಳಿತಿದ್ದಳು. ಅವ್ವ ಬಂದು ನನ್ನ ಕೈಯಿಂದ ಗಂಟು ಕಸಿದುಕೊಂಡು, ಬಚ್ಚಲಿನ ಕಲ್ಲಿನ ಹತ್ತಿರ ಕುಳಿತು, ಅಂಗಿಗಳನ್ನು ನೀರಿಗೆ ಹಾಕಿ ತಿಕ್ಕತೊಡಗಿದಳು. ಅಪ್ಪ ಹಾಲಿನ ಕ್ಯಾನು ಹಿಡಿದು ಹೊರಟವನು ನಿಂತ.

"ಅವು ಒಗದಿದ್ದ ಅದಾವಲ್ಲ?"

"ಹೌದ್ರಿ" ಅಂದಳು ಅವ್ವ, ತಲೆ ಎತ್ತದೆ, ತಿಕ್ಕುವುದನ್ನೂ ಬಿಡದೆ.

ಅಪ್ಪ ಅವಳನ್ನು, ಬಿಚ್ಚಿದ ಗಂಟನ್ನು, ರೊಟ್ಟಿಯ ಕಟ್ಟನ್ನು ನೋಡಿದ. ಮೈಮೇಲಿನ ಅಂಗಿ ಕಳಚಿ ಹಗ್ಗದ ಮೇಲೆ ಹಾಕಿ, ಅವಳ ಕೈಯಿಂದ ಹಸಿ ಅಂಗಿಯೊಂದನ್ನು ತೆಗೆದುಕೊಂಡು ಹಿಂಡಿ, ಲಾರಿಗೆಂದು ಕಟ್ಟಿದ್ದ ಅದನ್ನೇ ದಿನದ ಅಂಗಿಯಂತೆ ತೊಟ್ಟುಕೊಂಡು ಹಾಲು ತರಲು ಹೋದ.